ರಾಶಿಯ ನೆಲ

ಮಳೆಗಾಲದ ಆಟಿ ತಿಂಗಳ ಒಂದು ಸೋಮವಾರ ನಮ್ಮ ಧಣಿಗಳು ಕಾರಿನಿಂದ ಇಳಿಯದೆಯೇ ಮೂವತ್ತೆರಡು ಹೆಂಗಸರ ಜೀವ ಹಿಂಡಿ ಹೋದರು. ಮಳೆ ಹೇಗಿತ್ತೆಂದರೆ ಕಾರ್ಕಳದ ಗೊಮ್ಮಟನೂ ಅಂದು ಒಂದು ಕೊಡೆ ಕೇಳಿರಬೇಕು. ಕಾರಿನ ಗಾಜು ನಾಲ್ಕು ಬೆರಳು ಕೆಳಗಿಳಿಯಿತು. ಲೆಕ್ಕ ಬರೆಯುವ ವಿಠಲ ರೈಟರರು ಆ ಸಂದಿಗೆ ಕಿವಿ ಕೊಟ್ಟು ನಿಂತರು. ಗಾಜು ಮೇಲೆ ಹೋಯಿತು, ಕಾರೂ ಹೋಯಿತು. ರೈಟರರು ಒದ್ದೆ ಕೋಳಿಯ ಹಾಗೆ ಒಳಗೆ ಬಂದು ನಮ್ಮೆದುರು ನಿಂತರು.

"ಆಫ್ರಿಕದ ಬೀಜ ಬರುವುದು ನಿಂತಿದೆ. ಊರಿನ ಬೀಜ ಒಂದು ಶೆಡ್ಡಿಗೆ ಸಾಕಾಗುವಷ್ಟು ಮಾತ್ರ ಉಂಟು. ಧಣಿಗಳಿಗೆ ಶೆಡ್ಡು ಎರಡು. ಇದೊಂದು, ಕಾಪುವಿನದ್ದೊಂದು. ಮೂರು ವಾರ ನೋಡುತ್ತಾರಂತೆ. ಕೊನೆಯ ಶನಿವಾರ ಎಲ್ಲಿ ತುಂಡು ಕಡಿಮೆಯೋ, ತೂಕ ಸರಿಯೋ, ಆ ಶೆಡ್ಡು ಇರುತ್ತದೆ. ಇನ್ನೊಂದಕ್ಕೆ ಬೀಗ."

"ಬೀಗ ಎಷ್ಟು ದಿನಕ್ಕೆ?" ಎಂದು ನಾನು ಕೇಳಿದೆ.

"ಬೀಗಕ್ಕೆ ಎಂತ ದಿನ, ವಾರಿಜಕ್ಕ. ಹಾಕಿದರೆ ಹಾಕಿದ್ದೇ."

ನಮ್ಮದು ಗೇರುಬೀಜದ ಕಾರ್ಖಾನೆ. ಹುರಿದು ಒಡೆದ ಬೀಜದ ತಿರುಳನ್ನು ಬೋರ್ಮ ಎನ್ನುವ ಬಿಸಿ ಗೂಡಿನಲ್ಲಿ ಒಣಗಿಸುತ್ತಾರೆ. ಆಮೇಲೆ ಅದರ ಮೇಲಿನ ಕೆಂಪು ಸಿಪ್ಪೆಯನ್ನು ಉಗುರಿನಲ್ಲಿ, ಸಣ್ಣ ಚೂರಿಯಲ್ಲಿ ತೆಗೆಯುವುದು ನಮ್ಮ ಕೆಲಸ. ಇಡೀ ತಿರುಳು ಬಿಳಿಯಾಗಿ ಹೊರಗೆ ಬಂದರೆ ಅದು ಡಬ್ಬಿಯಲ್ಲಿ ಕೂತು ಹಡಗು ಹತ್ತುತ್ತದೆ. ಮುರಿದರೆ ತುಂಡು, ಅದು ಇಲ್ಲಿಯೇ ಯಾರದೋ ಪಾಯಸಕ್ಕೆ ಬೀಳುತ್ತದೆ. ಇಪ್ಪತ್ತೆರಡು ವರ್ಷ ನಾನು ಆ ಸಿಪ್ಪೆ ತೆಗೆದೆ. ನಾನು ತೆಗೆದ ಸಿಪ್ಪೆಯನ್ನು ಹರಡಿದರೆ ಕಾರ್ಕಳದಿಂದ ಉಡುಪಿಯವರೆಗೆ ರಸ್ತೆಗೆ ಕೆಂಪು ಹಾಸಬಹುದಿತ್ತು.

ಶೆಡ್ಡಿಗೆ ಬೀಗ ಬಿದ್ದರೆ ಎಲ್ಲರಿಗೂ ಕಷ್ಟವೇ. ಆದರೆ ನನಗೆ ಹೋಗುವುದು ನನ್ನ ಒಂದು ಕೂಲಿ ಮಾತ್ರ ಆಗಿರಲಿಲ್ಲ. ಕಾರ್ಖಾನೆಗೆ ಹೊರಗಿನ ಹೊಸಬರನ್ನು ಸೇರಿಸಿಕೊಳ್ಳುವುದು ನಿಂತು ಎಷ್ಟೋ ವರ್ಷವಾಗಿತ್ತು. ಕಣ್ಣು ಮಂಜಾಗಿ ಏಳುವವಳು ತಾನು ಕೂತ ಮಣೆಯನ್ನು ಮಗಳಿಗೋ ಸೊಸೆಗೋ ಬಿಟ್ಟು ಏಳಬಹುದು ಎನ್ನುವ ಪದ್ಧತಿಯೊಂದು ಉಳಿದಿತ್ತು. ನನ್ನ ಮಗ ಕಲ್ಲುಕೋರೆಯಲ್ಲಿ ತೀರಿಹೋದ ಮೇಲೆ ಮನೆಯಲ್ಲಿ ಇದ್ದದ್ದು ನಾನು, ಸೊಸೆ ಅಮ್ಮಣ್ಣಿ, ಎಂಟು ತಿಂಗಳ ಹೆಣ್ಣುಮಗು. ನನ್ನ ಎಡಗಣ್ಣಿನಲ್ಲಿ ಆಗಲೇ ಅಕ್ಕಿ ತೊಳೆದ ನೀರು ತುಂಬಿದ ಹಾಗಿತ್ತು. ಬಲಗಣ್ಣೂ ಅದರ ದಾರಿ ಹಿಡಿದಿತ್ತು. ಮುಂದಿನ ಸೋಣ ತಿಂಗಳು ಕಳೆದು ಮಗು ಅನ್ನ ತಿನ್ನಲು ಶುರು ಮಾಡಿದ ಕೂಡಲೇ ಮಣೆಯನ್ನು ಅಮ್ಮಣ್ಣಿಗೆ ಬಿಡುವುದು ಎಂದು ನಾವಿಬ್ಬರೂ ಮಾತಾಡಿ ಇಟ್ಟಿದ್ದೆವು. ನನ್ನ ಹತ್ತಿರ ಅವಳಿಗೆ ಕೊಡಲು ಇದ್ದದ್ದು ಆ ಒಂದು ಮಣೆ.

ಮರುದಿನ ಮಣಿಪಾಲದಿಂದ ಒಬ್ಬರು ಎಂಜಿನಿಯರು ಬಂದರು. ಹೆಸರು ಪ್ಯಾಟ್ರಿಕ್. ಕಾರ್ಖಾನೆಗಳಲ್ಲಿ ದಂಡವಾಗುವುದು ಎಲ್ಲಿ ಎಂದು ಹುಡುಕುವುದು ಅವರ ವಿದ್ಯೆಯಂತೆ. ಧಣಿಗಳು ಎರಡೂ ಶೆಡ್ಡಿಗೆ ಒಬ್ಬೊಬ್ಬರನ್ನು ಕಳಿಸಿದ್ದರಂತೆ, ನಮ್ಮ ಪಾಲಿಗೆ ಇವರು. ಕುತ್ತಿಗೆಯಲ್ಲಿ ದಾರ ಕಟ್ಟಿದ ಗಡಿಯಾರ, ಕೈಯಲ್ಲಿ ಪುಸ್ತಕ. ಆಳು ಎಷ್ಟು ಸಪೂರವೆಂದರೆ ಬಾಗಿಲು ತೆರೆಯದೆ ಸಂದಿಯಲ್ಲಿ ಬರಬಹುದಿತ್ತು. ಮೂರು ದಿನ ಯಾರಿಗೂ ಒಂದು ಮಾತು ಹೇಳದೆ ಬರೀ ನೋಡಿದರು, ಬರೆದರು. ನಾಲ್ಕನೆಯ ದಿನ ನಾನು ಬುಟ್ಟಿ ಹಿಡಿದು ಎದ್ದಾಗ ನನ್ನ ಬೆನ್ನಿಗೇ ನಡೆದು ಬಂದರು. ಕ್ರಿಸ್ತಾನರನ್ನು ನಮ್ಮಲ್ಲಿ ಮರ್ಯಾದೆಯಿಂದ ಪೊರ್ಬುಗಳೇ ಎನ್ನುವುದು. ತಿರುಗಿ ನಿಂತು ಕೇಳಿದೆ.

"ಪೊರ್ಬುಗಳೇ, ನನ್ನ ಗಂಡ ಕೂಡ ನನ್ನ ಹಿಂದೆ ಇಷ್ಟು ದೂರ ಬಂದವರಲ್ಲ. ನಿಮಗೆ ಎಂತ ಬೇಕು?"

ಸಾಲಿನ ಹೆಂಗಸರೆಲ್ಲ ನಕ್ಕರು. ಅವರ ಕಿವಿ ಕೆಂಪಾಯಿತು. "ಹೆಜ್ಜೆ ಲೆಕ್ಕ ಮಾಡ್ತಾ ಇದ್ದೇನೆ ಅಮ್ಮ. ನಿಮ್ಮ ಮಣೆಯಿಂದ ರಾಶಿಗೆ, ರಾಶಿಯಿಂದ ಮಣೆಗೆ, ಮಣೆಯಿಂದ ತೂಕಕ್ಕೆ. ಒಂದು ಸುತ್ತಿಗೆ ನೂರ ಹನ್ನೆರಡು. ದಿನಕ್ಕೆ ಒಂಬತ್ತು ಸುತ್ತು."

"ಇಪ್ಪತ್ತೆರಡು ವರ್ಷ ಹೀಗೆ ನಡೆದಿದ್ದರೆ ನಾನು ಕಾಶಿಗೆ ಹೋಗಿ ಬಂದು ಇನ್ನೊಮ್ಮೆ ಹೊರಡಬಹುದಿತ್ತು ಅಲ್ವಾ?"

"ಹೋಗಬಹುದಿತ್ತು. ನಡೆಯುವಾಗ ಒಂದು ಬೀಜವೂ ಸುಲಿಯುವುದಿಲ್ಲ, ಅದೇ ನನಗೆ ಬೇಜಾರು" ಎಂದರು. ನಗಲಿಲ್ಲ. ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು.

ರಾಶಿ ಎಂದರಲ್ಲ, ಅದು ಶೆಡ್ಡಿನ ಮೂಲೆಯಲ್ಲಿತ್ತು. ಬೋರ್ಮದಿಂದ ಬಂದ ತಿರುಳನ್ನೆಲ್ಲ ಅಲ್ಲಿ ಸುರಿಯುವುದು, ನಾವು ಬುಟ್ಟಿಯಲ್ಲಿ ಬಾಚಿಕೊಂಡು ಬರುವುದು. ಒಳ್ಳೆಯ ಕಾಲದಲ್ಲಿ ರಾಶಿ ಗೊಮ್ಮಟನ ಮೊಣಕಾಲಿಗೆ ಬರುತ್ತಿತ್ತು. ಅದರ ಆಚೆ ಕಡೆ ಮದುವೆ ಆದರೂ ಈಚೆಯವರಿಗೆ ಗೊತ್ತಾಗುತ್ತಿರಲಿಲ್ಲ. ಪ್ಯಾಟ್ರಿಕ್ ಒಂದು ಕಾಗದದ ಚೀಟಿಯಲ್ಲಿ ಅಂದಿನ ತಾರೀಕು ಬರೆದು ರಾಶಿಯ ಅಡಿಗೆ ತುರುಕಿದರು. ಆ ಚೀಟಿ ಒಂಬತ್ತನೆಯ ದಿನ ನನ್ನ ಪಕ್ಕದ ಮಣೆಯ ಝೈನಬಳ ಬುಟ್ಟಿಗೆ ಬಂತು.

"ಎಂತ ಇದು, ನನಗೆ ಯಾರೋ ಕಾಗದ ಹಾಕಿದ್ದಾರೆ" ಎಂದಳು ಝೈನಬ್.

ಪ್ಯಾಟ್ರಿಕ್ ಓಡಿ ಬಂದರು. ಚೀಟಿಯ ಜೊತೆಗೆ ಬಂದ ತಿರುಳನ್ನು ಅಂಗೈಯಲ್ಲಿ ಹಿಡಿದು ನಮಗೆಲ್ಲ ತೋರಿಸಿದರು. "ಒಣಗಿಸಿದ ದಿನ ಇದು ಗರಿಗರಿ ಇತ್ತು. ಒಂಬತ್ತು ದಿನ ಈ ಮಳೆಯ ಗಾಳಿ ಕುಡಿದಿದೆ. ಈಗ ಸಿಪ್ಪೆ ಅಂಟಿ ಕೂತಿದೆ. ಚೂರಿ ಹಾಕಿದರೆ ಮುರಿಯುತ್ತದೆ. ನಿಮ್ಮ ಕೈ ತಪ್ಪಲ್ಲ, ರಾಶಿಯದ್ದು ತಪ್ಪು. ನೀವು ಮೇಲಿನಿಂದ ಬಾಚುತ್ತೀರಿ, ಅವರು ಮೇಲಿನಿಂದ ಸುರಿಯುತ್ತಾರೆ. ಅಡಿಯದ್ದು ಅಡಿಯಲ್ಲೇ ಕೊಳೆಯುತ್ತದೆ."

ಆ ಮಾತು ನನಗೆ ಸರಿ ಕಂಡಿತು. ಇಪ್ಪತ್ತೆರಡು ವರ್ಷ ತುಂಡಾದದ್ದಕ್ಕೆಲ್ಲ ನಮ್ಮ ಬೆರಳಿಗೆ ಬೈಗುಳ ಬಿದ್ದಿತ್ತು. ಅದನ್ನು ಸೇರಿಸಿಟ್ಟಿದ್ದರೆ ಎರಡು ಲಾರಿ ಆಗುತ್ತಿತ್ತು.

ಕೊನೆಯ ವಾರ ಅವರು ಹೊಸ ಪದ್ಧತಿ ತಂದರು. ರಾಶಿಯೇ ಬೇಡ. ಬೋರ್ಮದಿಂದ ಬಂದ ತಿರುಳು ಬಿಸಿ ಆರಿದ ಕೂಡಲೇ ತಟ್ಟೆಯಲ್ಲಿ ನೇರ ನಮ್ಮ ಮಣೆಯ ಹತ್ತಿರ ಬರುತ್ತದೆ. ಒಬ್ಬೊಬ್ಬರಿಗೆ ಒಂದೇ ತಟ್ಟೆ. ಅದು ಮುಗಿದರೆ ಖಾಲಿ ತಟ್ಟೆಯನ್ನು ಕವುಚಿ ಇಡಬೇಕು. ಕವುಚಿದ ತಟ್ಟೆ ಕಂಡರೆ ಬೋರ್ಮದವರು ಇನ್ನೊಂದು ತರುತ್ತಾರೆ. ಬಾಗಿಲ ಹತ್ತಿರ ಒಂದು ಕಪ್ಪು ಹಲಗೆ. ಒಳಗೆ ಬಂದದ್ದು ಎಷ್ಟು, ಸುಲಿದು ಹೊರಗೆ ಹೋದದ್ದು ಎಷ್ಟು, ತುಂಡು ಎಷ್ಟು ಎಂದು ರೈಟರರು ಸೀಮೆಸುಣ್ಣದಲ್ಲಿ ಬರೆಯುವುದು.

ಸೋಮವಾರ ಬೆಳಿಗ್ಗೆ ನಾವು ಒಳಗೆ ಕಾಲಿಟ್ಟಾಗ ಮೂಲೆಯಲ್ಲಿ ರಾಶಿ ಇರಲಿಲ್ಲ. ಗುಡಿಸಿ, ಒರೆಸಿ, ಸಿಮೆಂಟಿನ ನೆಲ ಕಾಣುತ್ತಿತ್ತು.

ಝೈನಬ್ ನನ್ನ ಸೆರಗು ಹಿಡಿದಳು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿ ಅತ್ತರು. ಪ್ಯಾಟ್ರಿಕ್ ನಮ್ಮ ಮುಖ ನೋಡಿ ಗಲಿಬಿಲಿಯಾದರು. ಅವರು ಅಷ್ಟು ಚಂದ ಮಾಡಿ ಒರೆಸಿಟ್ಟಿದ್ದರು, ಪಾಪ. ಆ ನೆಲವನ್ನು ನಾವು ವರ್ಷಕ್ಕೆ ಒಮ್ಮೆ ಕಾಣುತ್ತಿದ್ದೆವು ಎಂದು ಅವರಿಗೆ ಯಾರು ಹೇಳಬೇಕು. ಬೀಜ ಮುಗಿದು ರಾಶಿ ಕರಗಿ ನೆಲ ಕಂಡ ಸಂಜೆ ರೈಟರರು "ನಾಳೆಯಿಂದ ಬರುವುದು ಬೇಡ" ಎನ್ನುತ್ತಿದ್ದರು. ಕೆಲವು ವರ್ಷ ಮೂರು ತಿಂಗಳು, ಕೆಲವು ವರ್ಷ ಐದು. ರಾಶಿ ಇದ್ದರೆ ನಾಳೆ ಗಂಜಿ ಉಂಟು, ನೆಲ ಕಂಡರೆ ಇಲ್ಲ. ನಮಗೆ ಗೊತ್ತಿದ್ದ ಪಂಚಾಂಗ ಅದೊಂದೇ.

ಮೊದಲ ತಟ್ಟೆ ಬಂತು. ತಿರುಳು ಗರಿಗರಿ ಇತ್ತು, ಉಗುರು ಮುಟ್ಟಿದರೆ ಸಿಪ್ಪೆ ತಾನೇ ಎದ್ದು ನಮಸ್ಕಾರ ಹೇಳಿ ಹೋಗುತ್ತಿತ್ತು. ಕಣ್ಣೇ ಬೇಡ, ಬೆರಳು ಸಾಕು. ಆದರೂ ತಟ್ಟೆಯಲ್ಲಿ ತಿರುಳು ಕಡಿಮೆಯಾಗುತ್ತ ಬಂದ ಹಾಗೆ ನನ್ನ ಕೈ ನಿಧಾನವಾಗುತ್ತ ಬಂತು. ಕವುಚಿ ಇಟ್ಟ ತಟ್ಟೆ ನೋಡಿದರೆ ಶ್ರಾದ್ಧದ ಮನೆ ನೋಡಿದ ಹಾಗೆ. ಸಂಜೆ ಏಳುವ ಹೊತ್ತಿಗೆ ಇನ್ನೊಂದು ತಟ್ಟೆ ಬಂದಿತ್ತು. ನಾಳೆ ಇದು ಬರುವುದೋ ಇಲ್ಲವೋ ಎಂದು ಕಂಡಿತು. ಯಾರೂ ನೋಡದಾಗ ಒಂದು ಹಿಡಿ ತಿರುಳನ್ನು ಬಟ್ಟೆಯ ಚೂರಿನಲ್ಲಿ ಕಟ್ಟಿ ನನ್ನ ಮಣೆಯ ಅಡಿಗೆ ತಳ್ಳಿದೆ. ಮನೆಗೆ ಒಯ್ಯಲಿಕ್ಕಲ್ಲ. ಗೇಟಿನಲ್ಲಿ ತಲೆಕಟ್ಟು ಬಿಚ್ಚಿ ನೋಡುವವರು ಇರುವಾಗ ಯಾರು ಒಯ್ಯುತ್ತಾರೆ. ಮರುದಿನ ಬೆಳಿಗ್ಗೆ ತಟ್ಟೆ ಬಾರದಿದ್ದರೆ ನನ್ನ ಮಣೆಯ ಹತ್ತಿರ ಸುಲಿಯಲು ಏನಾದರೂ ಇರಲಿ, ಅದಿರುವವರೆಗೆ ನನ್ನನ್ನು ಏಳಿಸುವುದಿಲ್ಲ ಎಂದು ನನ್ನ ಬುದ್ಧಿ.

ಝೈನಬ್ ನೋಡಿದಳು. "ವಾರಿಜಕ್ಕ, ಅದು ಎಂತ?"

"ನಾಳೆ."

ಅವಳು ಮತ್ತೆ ಕೇಳಲಿಲ್ಲ. ಅವಳ ಮಣೆಯ ಅಡಿಯೂ ಅಂದು ಒಂದು ಗಂಟು ನುಂಗಿತು. ಮಂಗಳವಾರ ನಮ್ಮ ಸಾಲು, ಬುಧವಾರ ಇಡೀ ಶೆಡ್ಡು. ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದಿಲ್ಲ, ಸುಮ್ಮನೆ ನೋಡಿ ಕಲಿತದ್ದು. ದಿನಕ್ಕೊಂದು ಹಿಡಿ. ಅದೂ ನನ್ನ ಹಿಡಿ ಚಿಕ್ಕದು, ಕೆಲವರ ಹಿಡಿ ಎಂದರೆ ಮೊರ.

ಹಲಗೆಯ ಮೇಲೆ ತುಂಡಿನ ಲೆಕ್ಕ ಇಳಿಯುತ್ತ ಬಂತು. ಮೊದಲು ನೂರಕ್ಕೆ ಹದಿನಾಲ್ಕು ಇದ್ದದ್ದು ಹನ್ನೊಂದು, ಹತ್ತು, ಒಂಬತ್ತು. ಕಾಪುವಿನ ಶೆಡ್ಡಿನಲ್ಲಿ ಹನ್ನೆರಡಂತೆ. ಪ್ಯಾಟ್ರಿಕ್ ಮೊದಲ ಬಾರಿ ಹಲ್ಲು ತೋರಿಸಿ ನಕ್ಕರು. ಹಲ್ಲು ಚೆನ್ನಾಗಿತ್ತು, ಅಡಗಿಸಿಟ್ಟದ್ದೇ ದಂಡ ಎಂದು ನಾನು ಹೇಳಿದೆ. ಆದರೆ ಇನ್ನೊಂದು ಗೆರೆ ಕೂಡುತ್ತಿರಲಿಲ್ಲ. ಒಳಗೆ ಬಂದ ತಿರುಳಿಗೂ ಹೊರಗೆ ಹೋದದ್ದಕ್ಕೂ ಬುಧವಾರದಿಂದ ದಿನಕ್ಕೆ ಐದು ಕಿಲೋ ಅಂತರ. ಶುಕ್ರವಾರ ಸಂಜೆ ರೈಟರರು ಹಲಗೆಯ ಎದುರು ಸುಮಾರು ಹೊತ್ತು ನಿಂತರು. ಅವರ ಮೂಗು ದೊಡ್ಡದು. ಅವರಿಗಿಂತ ಅರ್ಧ ಗಂಟೆ ಮೊದಲು ಅದು ಕಾರ್ಖಾನೆಗೆ ಬರುತ್ತಿತ್ತು. ಅಂದು ಆ ಮೂಗೂ ಜೋತುಬಿದ್ದಿತ್ತು.

"ಹದಿನಾರು ಕಿಲೋ ಇಲ್ಲ. ನಾಳೆ ನಾಲ್ಕು ಗಂಟೆಗೆ ಧಣಿಗಳು ಬರುತ್ತಾರೆ. ತುಂಡು ಎಷ್ಟು ಕಡಿಮೆ ಆದರೂ ಇಷ್ಟು ತೂಕ ಹೋದರೆ ಅವರು ಒಂದು ಕ್ಷಣ ನಿಲ್ಲುವುದಿಲ್ಲ" ಎಂದರು. "ಯಾರಿಗಾದರೂ ಗೊತ್ತಿದ್ದರೆ ಹೇಳಿ."

ಯಾರು ಹೇಳುತ್ತಾರೆ. ಗೇಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು, ನನಗೆ ಓದಲು ಬಾರದಿದ್ದರೂ ಬಾಯಿಪಾಠವಿತ್ತು. ಬೀಜ ಅಡಗಿಸಿದವರಿಗೆ ಮರುದಿನದಿಂದ ಕೆಲಸವಿಲ್ಲ. ಎರಡು ವರ್ಷದ ಹಿಂದೆ ತಲೆಕಟ್ಟಿನಲ್ಲಿ ಏಳು ತಿರುಳು ಸಿಕ್ಕಿದ ಒಬ್ಬಳನ್ನು ಹಾಗೆಯೇ ಕಳಿಸಿದ್ದರು. ಈ ಶುಕ್ರವಾರ ಗೇಟಿನಲ್ಲಿ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಹುಡುಕಿದರು. ತಲೆಕಟ್ಟು, ಸೊಂಟ, ಎಲೆಯಡಿಕೆಯ ಚೀಲ. ನನ್ನ ಬಾಯಿಯನ್ನೂ ತೆರೆಸಿದರು. "ಇದ್ದದ್ದು ಏಳು ಹಲ್ಲು, ಎಣಿಸಿ ಬಿಡಿ" ಎಂದೆ. ಯಾರೂ ನಗಲಿಲ್ಲ.

ಶನಿವಾರ ಬೆಳಿಗ್ಗೆ ಮಣೆಯ ಅಡಿಯ ಗಂಟು ಬಿಚ್ಚಿ ನೋಡಿದೆ. ಮೆಲ್ಲಗೆ ಸುಲಿದು ತಟ್ಟೆಯದ್ದರ ಜೊತೆ ಸೇರಿಸಿಬಿಡುವ ಎಂದು ನಾವೆಲ್ಲ ಕಣ್ಣಿನಲ್ಲೇ ಮಾತಾಡಿಕೊಂಡಿದ್ದೆವು. ತಿರುಳು ಮೆತ್ತಗಾಗಿತ್ತು. ಆರು ದಿನದ ಆಟಿ ಗಾಳಿ. ಸಿಪ್ಪೆ ಅಂಟಿ ಕೂತಿತ್ತು. ಹತ್ತು ಸುಲಿದೆ, ಐದು ಮುರಿಯಿತು. ಝೈನಬ್ ಹತ್ತು ಸುಲಿದಳು, ಏಳು ಮುರಿಯಿತು. ಹೀಗೆ ಹದಿನಾರು ಕಿಲೋ ಸುಲಿದರೆ ತುಂಡಿನ ಲೆಕ್ಕ ಕಾಪುವಿನ ಲೈಟ್‌ಹೌಸಿನಷ್ಟು ಎತ್ತರ ಹೋಗುತ್ತಿತ್ತು. ಬೋರ್ಮಕ್ಕೆ ಇನ್ನೊಮ್ಮೆ ಹಾಕಿದರೆ ಮಾತ್ರ ಉಳಿಯುವುದು. ಬೋರ್ಮದ ಬಾಗಿಲು ರೈಟರರ ಚೀಟಿ ಇಲ್ಲದೆ ತೆರೆಯುವುದಿಲ್ಲ. ಚೀಟಿ ಬೇಕಾದರೆ ಹೇಳಬೇಕು. ಹೇಳಿದರೆ ಮೂವತ್ತೆರಡು ಮಂದಿಗೂ ಗೇಟು ಇಲ್ಲ. ಹೇಳದಿದ್ದರೆ ಶೆಡ್ಡೇ ಇಲ್ಲ.

ಊಟಕ್ಕೆ ಬಿಟ್ಟಾಗ ಬಾವಿಕಟ್ಟೆಯ ಹತ್ತಿರ ಮಾಡಿನ ಅಡಿಯಲ್ಲಿ ಗುಂಪು ಕಟ್ಟಿ ನಿಂತೆವು. ಯಾರೂ ಬುತ್ತಿ ಬಿಚ್ಚಲಿಲ್ಲ.

"ನಾನು ಹೋಗಿ ಹೇಳುತ್ತೇನೆ. ಎಲ್ಲ ನಾನೇ ಮಾಡಿದ್ದು ಎನ್ನುತ್ತೇನೆ" ಎಂದಳು ಝೈನಬ್.

"ನೀನು ಹೇಳಿದರೆ ಯಾರು ನಂಬುತ್ತಾರೆ ಮಾರಾಯ್ತಿ. ನೀನು ಸುಳ್ಳು ಹೇಳುವಾಗ ಮೂರು ಮೈಲಿ ದೂರದ ನಾಯಿಗೂ ಗೊತ್ತಾಗುತ್ತದೆ. ನಿನಗೆ ನಾಲ್ಕು ಮಕ್ಕಳು" ಎಂದೆ.

"ನಿಮಗೆ ಅಮ್ಮಣ್ಣಿ ಉಂಟಲ್ಲ. ಮಣೆ ಅವಳಿಗೆ ಎಂದು ಇಟ್ಟದ್ದಲ್ವಾ?"

ಮಳೆಯ ನೀರು ಮಾಡಿನಿಂದ ಇಳಿಯುತ್ತಿತ್ತು. ಆ ಹೊತ್ತು ನಾನು ಎಷ್ಟು ಲೆಕ್ಕ ಹಾಕಿದೆ ಎಂದರೆ ಮಣಿಪಾಲದ ಎಲ್ಲ ಎಂಜಿನಿಯರರೂ ಸೇರಿ ಅಷ್ಟು ಹಾಕಿರಲಾರರು. ಹೇಳಿದರೆ ಮಣೆ ಹೋಯಿತು. ಸುಮ್ಮನಿದ್ದರೆ ನಾಲ್ಕು ಗಂಟೆಗೆ ಬೀಗ, ಆಗಲೂ ಮಣೆ ಹೋಯಿತು. ಎಲ್ಲಿ ಸುತ್ತಿದರೂ ಅಮ್ಮಣ್ಣಿಯ ಕೈ ಖಾಲಿ. ಒಂದೇ ಒಂದು ಸಂದಿ ಕಂಡಿತು. ಶೆಡ್ಡು ಉಳಿದರೆ ಮುಂದೆ ಎಂದಾದರೂ ಅವಳಿಗೆ ಕೆಲಸ ಕೇಳಬಹುದು. ಮುಚ್ಚಿದ ಶೆಡ್ಡಿನಲ್ಲಿ ಯಾರನ್ನು ಕೇಳುವುದು. ಮತ್ತೆ, ಮೊದಲ ಗಂಟು ಕಟ್ಟಿದ ಕೈ ನನ್ನದು. ನಾನೇ ಹೋಗುತ್ತೇನೆ ಎಂದೆ.

"ನಾವೆಲ್ಲ ಸೇರಿ ಅಮ್ಮಣ್ಣಿಗೆ ಮಣೆ ಕೇಳುತ್ತೇವೆ. ಅಲ್ಲಾಹನ ಮೇಲೆ ಆಣೆ" ಎಂದಳು ಝೈನಬ್. ಉಳಿದವರೂ ಹೌದು ಎಂದರು. ಕೆಲವರು ನನ್ನ ಮುಖ ನೋಡದೆ ಹೌದು ಎಂದರು.

"ಹಾಗಾದರೆ ಎಲ್ಲ ಗಂಟು ನನ್ನ ಮಣೆಯ ಹತ್ತಿರ ತನ್ನಿ. ಬೇಗ. ನನ್ನ ಧೈರ್ಯ ಒಂದು ಗಂಟೆಗಿಂತ ಹೆಚ್ಚು ಬಾಳಿಕೆ ಬರುವುದಿಲ್ಲ."

ಎರಡು ಬುಟ್ಟಿ ತುಂಬಿತು. ನಾನೂ ಝೈನಬಳೂ ಒಂದೊಂದು ಹೊತ್ತು ರೈಟರರ ಮೇಜಿನ ಎದುರು ಇಳಿಸಿದೆವು. ಝೈನಬಳನ್ನು ಹಿಂದೆ ಕಳಿಸಿದೆ. ಪ್ಯಾಟ್ರಿಕ್ ಅಲ್ಲಿಯೇ ಪುಸ್ತಕ ಹಿಡಿದು ಕೂತಿದ್ದರು.

"ನಿಮ್ಮ ಹದಿನಾರು ಕಿಲೋ" ಎಂದೆ. "ನಾನು ಅಡಗಿಸಿದ್ದು. ಶೆಡ್ಡಿನ ಒಳಗೇ ಇತ್ತು, ಹೊರಗೆ ಹೋಗಿಲ್ಲ. ಈಗಲೇ ಬೋರ್ಮಕ್ಕೆ ಹಾಕಿಸಿದರೆ ಮೂರೂವರೆಗೆ ಸುಲಿದು ಮುಗಿಸಬಹುದು."

ವಿಠಲ ರೈಟರರು ಬುಟ್ಟಿ ನೋಡಿದರು, ನನ್ನನ್ನು ನೋಡಿದರು. "ಹದಿನಾರು ಕಿಲೋ ನೀವೊಬ್ಬರೇ? ಎಲ್ಲಿ ಇಟ್ಟಿದ್ದಿರಿ?"

"ಮಣೆಯ ಅಡಿಯಲ್ಲಿ."

"ನಿಮ್ಮ ಮಣೆಯ ಅಡಿಯಲ್ಲಿ ಒಂದು ಬೆಕ್ಕು ಕೂಡ ಹಿಡಿಯುವುದಿಲ್ಲ ವಾರಿಜಕ್ಕ."

"ಬೆಕ್ಕು ಗಲಾಟೆ ಮಾಡುತ್ತದೆ ರೈಟರೇ. ತಿರುಳು ಒತ್ತಿದರೆ ಕೂರುತ್ತದೆ."

ಅವರು ನನ್ನ ಹಿಂದೆ ಶೆಡ್ಡಿನ ಕಡೆಗೆ ದೃಷ್ಟಿ ಹಾಕಿದರು. ಮೂವತ್ತೊಂದು ತಲೆಗಳೂ ತಗ್ಗಿ ಸುಲಿಯುತ್ತಿದ್ದವು. ಅವರಿಗೆ ಗೊತ್ತಾಯಿತು. ಮೂಗು ಅಷ್ಟು ಉದ್ದ ಇದ್ದವರಿಗೆ ಗೊತ್ತಾಗದೆ ಇರುತ್ತದಾ. ಎಲ್ಲರ ಹೆಸರು ಬರೆದರೆ ಸುಲಿಯುವವರು ಇಲ್ಲ, ಶೆಡ್ಡು ಇಲ್ಲ, ರೈಟರೂ ಇಲ್ಲ. ಅವರಿಗೆ ಒಂದು ಹೆಸರು ಬೇಕಿತ್ತು.

"ಯಾಕೆ ಅಮ್ಮ?" ಎಂದು ಕೇಳಿದ್ದು ಪ್ಯಾಟ್ರಿಕ್. "ಕದಿಯಲಿಕ್ಕಲ್ಲ ಎಂದು ಕಾಣುತ್ತದೆ. ಮತ್ತೆ ಯಾಕೆ?"

"ನೀವು ನೆಲ ತೋರಿಸಿದಿರಿ ಪೊರ್ಬುಗಳೇ. ಆ ನೆಲ ಕಂಡ ದಿನ ನಮಗೆ ಮನೆಗೆ ಹೋಗಲು ಹೇಳುತ್ತಾರೆ. ಇಪ್ಪತ್ತೆರಡು ವರ್ಷವೂ ಹಾಗೆಯೇ ಆದದ್ದು. ಖಾಲಿ ತಟ್ಟೆ ಕವುಚಿದರೆ ಇನ್ನೊಂದು ಬರುತ್ತದೆ ಎಂದು ನೀವು ಹೇಳಿದಿರಿ. ಬಂತು ಕೂಡ. ಆದರೆ ಬರುವ ಮೊದಲು ಕಣ್ಣಿಗೆ ಎಂತ ಕಾಣುತ್ತದೆ? ಏನೂ ಇಲ್ಲ. ಹೊಟ್ಟೆ ಹೆದರುತ್ತದೆ."

ಅವರು ಪೆನ್ನು ತೆರೆದರು, ಬರೆಯಲಿಲ್ಲ. "ನಾನು ಎಲ್ಲ ಅಳೆದೆ, ಇದನ್ನು ಕೇಳಲಿಲ್ಲ" ಎಂದರು ಮೆಲ್ಲಗೆ. ಆಮೇಲೆ ರೈಟರರ ಕಡೆ ತಿರುಗಿ, "ಇದು ಅವರ ತಪ್ಪಲ್ಲ. ನನ್ನ ಪದ್ಧತಿಯಲ್ಲಿ ಇದ್ದ ತೂತು. ಅವರನ್ನು ತೆಗೆಯಬೇಡಿ" ಎಂದರು.

"ಗೇಟಿನ ಮೇಲೆ ಬರೆದದ್ದನ್ನು ಧಣಿಗಳು ಬರೆಸಿದ್ದು" ಎಂದು ರೈಟರರು ಚೀಟಿ ಹರಿದು ಕೊಟ್ಟರು. "ನಾಲ್ಕು ಗಂಟೆಯವರೆಗೆ ಕೂತು ಸುಲಿಯಿರಿ ವಾರಿಜಕ್ಕ. ಆಮೇಲೆ ಹೋಗಿ."

ಬೋರ್ಮದಲ್ಲಿ ತಿರುಳು ಒಣಗುವವರೆಗೆ ನಾವು ಕೈಯಲ್ಲಿದ್ದ ತಟ್ಟೆ ಮುಗಿಸಿದೆವು. ಎರಡು ಗಂಟೆಗೆ ತಟ್ಟೆಗಳು ಬಂದವು. ಆ ದಿನ ಸುಲಿದ ಹಾಗೆ ಯಾರೂ ಸುಲಿದಿಲ್ಲ. ಬೆರಳು ಕಾಣುತ್ತಿರಲಿಲ್ಲ, ಸಿಪ್ಪೆ ಮಾತ್ರ ಹಾರುತ್ತಿತ್ತು. ಆದರೆ ಒಮ್ಮೆ ಮೆತ್ತಗಾದದ್ದು ಪೂರ್ತಿ ಸರಿಯಾಗುವುದಿಲ್ಲ. ಟಕ್ ಎಂದು ಒಂದು ಮುರಿದಾಗ ಶೆಡ್ಡಿನಲ್ಲಿ ಎಲ್ಲರೂ ಕಣ್ಣು ಮುಚ್ಚುತ್ತಿದ್ದರು. ಯಾರದ್ದು ಎಂದು ಯಾರೂ ಕೇಳಲಿಲ್ಲ. ನನ್ನ ಕಣ್ಣಿಗೆ ಬಿಳಿಯೂ ಕೆಂಪೂ ಒಂದೇ ಆಗಿತ್ತು. ಬೆರಳನ್ನು ನಂಬಿ ಸುಲಿದೆ.

ನಾಲ್ಕು ಗಂಟೆಗೆ ಕಾರು ಬಂತು. ಆ ದಿನ ಧಣಿಗಳು ಇಳಿದರು. ತೂಕ ಕೂಡಿತು. ತುಂಡು ನೂರಕ್ಕೆ ಹನ್ನೊಂದೂವರೆ. ಕಾಪುವಿನದ್ದು ಹನ್ನೆರಡು.

ಅರ್ಧ. ಅಷ್ಟೇ. ಆ ಅರ್ಧದಲ್ಲಿ ನಮ್ಮ ಶೆಡ್ಡು ಉಳಿಯಿತು, ಕಾಪುವಿನಲ್ಲಿ ನಲವತ್ತು ಹೆಂಗಸರು ಎದ್ದು ಮನೆಗೆ ಹೋದರು. ಅವರಲ್ಲಿಯೂ ಯಾರಿಗೋ ಒಂದು ಮಣೆ ಸೊಸೆಗೆಂದು ಇಟ್ಟದ್ದು ಇದ್ದಿರಬೇಕು. ನಮ್ಮವರು ಯಾರೂ ಸಂತೋಷದಿಂದ ಕೂಗಲಿಲ್ಲ. ಝೈನಬ್ ಸುಮ್ಮನೆ ನನ್ನ ಬುತ್ತಿಯನ್ನು ಚೀಲಕ್ಕೆ ಹಾಕಿ ಕೊಟ್ಟಳು. ಗೇಟಿನಲ್ಲಿ ಹುಡುಕುವವಳು ನನ್ನನ್ನು ಮುಟ್ಟದೆ ಬಿಟ್ಟಳು. ಅದರಿಂದ ನನಗೆ ಹೆಚ್ಚು ನೋವಾಯಿತು.

ಮನೆಗೆ ಹೋಗಿ ಹೇಳಿದೆ. ಅಮ್ಮಣ್ಣಿ ಮಗುವಿಗೆ ಹಾಲು ಕೊಡುತ್ತಿದ್ದಳು. ಮಗುವನ್ನು ಇನ್ನೊಂದು ಬದಿಗೆ ಹಾಕಿಕೊಂಡು ಕೇಳಿದಳು. "ಎಲ್ಲರೂ ಅಡಗಿಸಿದ್ದು, ನೀವು ಒಬ್ಬರೇ ಯಾಕೆ ಹೋದದ್ದು ಅತ್ತೆ?"

"ಮೂವತ್ತೆರಡು ಜನ ಹೋದರೆ ಎಷ್ಟು ಹೆಜ್ಜೆ ದಂಡ ಆಗುತ್ತಿತ್ತು ಲೆಕ್ಕ ಹಾಕು."

ಅವಳು ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಆದಿತ್ಯವಾರ ಡಬ್ಬಿಯಲ್ಲಿ ಅಕ್ಕಿ ಇನ್ನೆಷ್ಟು ದಿನಕ್ಕೆ ಎಂದು ಇಬ್ಬರೂ ಬೇರೆ ಬೇರೆಯಾಗಿ ಹೋಗಿ ನೋಡಿ ಬಂದೆವು.

ಸೋಮವಾರ ಬೆಳಿಗ್ಗೆ ಅವಳು ತಲೆ ಬಾಚಿ, ಮಗುವನ್ನು ನನ್ನ ಮಡಿಲಿಗೆ ಹಾಕಿ ಕಾರ್ಖಾನೆಯ ಗೇಟಿಗೆ ಹೋದಳು. ಝೈನಬ್ ಹೇಳಿ ಕಳಿಸಿದ್ದಳು, ಎಲ್ಲರೂ ಸೇರಿ ಕೇಳುತ್ತೇವೆ ಎಂದು. ಸೈರನ್ ಕೂಗಿತು. ಅವಳು ಹಿಂದೆ ಬರಲಿಲ್ಲ. ಒಳಗೆ ಕರೆದರು ಎಂದು ನಾನು ಮಗುವಿಗೆ ಹೇಳಿದೆ. ನಿನ್ನ ಅಮ್ಮನ ಬೆರಳು ನನ್ನ ಬೆರಳಿಗಿಂತ ನೂರು ಪಾಲು ನಾಜೂಕು, ಅವಳು ಸುಲಿದ ಬೀಜ ರಾಣಿಯರು ತಿನ್ನುತ್ತಾರೆ ಎಂದು ಏನೇನೋ ಹೇಳಿದೆ. ಒಂಬತ್ತೂವರೆಗೆ ಅಂಗಳದಲ್ಲಿ ಕೊಡೆ ಮಡಿಸುವ ಸದ್ದಾಯಿತು.

ಅವಳು ಜಗಲಿಯ ಮೇಲೆ ಕೂತಳು. ಕಾಲಿನ ಕೆಸರು ತೊಳೆಯಲಿಲ್ಲ.

"ಎಲ್ಲರೂ ಕೇಳಿದರು ಅತ್ತೆ. ಝೈನಬಕ್ಕ ಅತ್ತರು. ರೈಟರು ನನ್ನನ್ನು ಒಳಗೆ ಕರೆದು ತೋರಿಸಿದರು. ಜಾಗ ಇಲ್ಲ."

"ನನ್ನ ಜಾಗ ಉಂಟಲ್ಲ."

"ಅಲ್ಲಿ ಒಂದು ಸ್ಟ್ಯಾಂಡ್ ಇಟ್ಟಿದ್ದಾರೆ. ಆ ಎಂಜಿನಿಯರು ಆದಿತ್ಯವಾರ ಬಡಗಿಯನ್ನು ಕರೆದು ಮಾಡಿಸಿದ್ದಂತೆ. ಅದರಲ್ಲಿ ಯಾವಾಗಲೂ ನಾಲ್ಕು ತುಂಬಿದ ತಟ್ಟೆ ಇರುತ್ತದೆ. ಖಾಲಿ ತಟ್ಟೆ ಕವುಚಿದವರಿಗೆ ಮುಂದಿನದ್ದು ಕಣ್ಣಿಗೆ ಕಾಣಬೇಕಂತೆ, ಹೆದರಬಾರದಂತೆ. ಇಡೀ ಶೆಡ್ಡಿಗೆ ಕಾಣುವ ಜಾಗ ನಿಮ್ಮದೊಂದೇ ಅಂತೆ. ಮೂವತ್ತೊಂದು ಜನವೇ ಸಾಕು ಎಂದು ಪುಸ್ತಕದಲ್ಲಿ ಬರೆದಿದ್ದಾರೆ."

ಪ್ಯಾಟ್ರಿಕ್ ಒಳ್ಳೆಯ ಮನುಷ್ಯ. ನಾನು ಹೇಳಿದ್ದನ್ನು ಕಿವಿಗೆ ಹಾಕಿಕೊಂಡ ಮೊದಲ ಗಂಡಸು ಅವರೇ ಇರಬೇಕು.

"ಸ್ಟ್ಯಾಂಡ್ ಎಂತದ್ದು, ಕಬ್ಬಿಣದ್ದಾ?" ಎಂದು ಕೇಳಿದೆ.

"ಮರದ್ದು. ಹಲಸಿನ ಮರ."

"ಹಾಗಾದರೆ ನನಗಿಂತ ಗಟ್ಟಿ. ಗಂಜಿಯೂ ಕೇಳುವುದಿಲ್ಲ."

ಅಮ್ಮಣ್ಣಿ ಮೊಣಕಾಲಿನ ನಡುವೆ ಮುಖ ಹಾಕಿದಳು. ಬೆನ್ನು ಅಲುಗುವುದು ನನ್ನ ಕಣ್ಣಿಗೆ ಅಷ್ಟಿಷ್ಟು ಕಾಣುತ್ತಿತ್ತು. ನಗುತ್ತಿದ್ದಾಳೋ ಎಂದುಕೊಂಡು ಹತ್ತಿರ ಸರಿದೆ. ನಗುತ್ತಿರಲಿಲ್ಲ. ಮಗು ನನ್ನ ಬೆರಳು ಹಿಡಿದು ಬಾಯಿಗೆ ಹಾಕಿಕೊಂಡಿತು. ಚೀಪಿ ನೋಡಿ, ಏನೂ ಬಾರದೆ, ಅದೂ ಅಳಲು ಶುರು ಮಾಡಿತು.